40 ದಾಟಿದ್ರೆ ಬೋರ್ಡ್ ನಡುಗುತ್ತೆ, ಗೆಳೆಯರು ಮುಂದೆ ಹೋಗಿಬಿಡ್ತಾರೆ. ಏನು ಮಾಡಲಿ?

ಎಡಗಾಲು ಮುಂದೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ಕು ಜನ ಗೆಳೆಯರು. ಒಟ್ಟಿಗೇ ಲಾಂಗ್‌ಬೋರ್ಡ್ (ಉದ್ದನೆಯ ಸ್ಕೇಟ್‌ಬೋರ್ಡ್) ತಗೊಂಡ್ವಿ, ಬೀಳೋದು ಏಳೋದು ಎಲ್ಲ ಒಟ್ಟಿಗೇ ಕಲಿತ್ವಿ. ಮೊದಲ ಆರು ತಿಂಗಳು ಮಟ್ಟಸವಾದ ರಸ್ತೆಯಲ್ಲಿ ಕಾಲಲ್ಲಿ ತಳ್ಕೊಂಡು ಓಡಾಡಿದ್ದಷ್ಟೇ. ಈಗ ಎರಡು ತಿಂಗಳಿಂದ ಹತ್ತಿರದ ಗುಡ್ಡದಿಂದ ಇಳೀತಿದೀವಿ. ಒಂದೂಕಾಲು ಕಿಲೋಮೀಟರ್ ಇಳಿಜಾರು, ನಡುವೆ ಎರಡು ತಿರುವು. ಕೊನೆಯಲ್ಲಿ ರಸ್ತೆ ಸ್ವಲ್ಪ ಏರುತ್ತೆ, ಅಲ್ಲಿ ಬೋರ್ಡ್ ತಾನಾಗೇ ನಿಧಾನ ಆಗಿ ನಿಲ್ಲುತ್ತೆ.

ನನ್ನ ತೊಂದರೆ ಇದು. ವೇಗ ಗಂಟೆಗೆ 40 ಕಿ.ಮೀ. ದಾಟ್ತಿದ್ದ ಹಾಗೆ ಬೋರ್ಡಿನ ಹಿಂಭಾಗ ಬಾಲ ಆಡಿಸೋಕೆ ಶುರು ಮಾಡುತ್ತೆ. ಮೊದಲು ಸಣ್ಣಗೆ, ಆಮೇಲೆ ಒಂದೊಂದು ಸಲಕ್ಕೂ ಜೋರಾಗಿ. ಹೋದ ಭಾನುವಾರ ಹೀಗೇ ಆಗಿ ನನ್ನನ್ನ ಎಸೆದುಬಿಡ್ತು. ಮೊಣಕೈಯಲ್ಲಿ, ಸೊಂಟದ ಪಕ್ಕದಲ್ಲಿ ಅಂಗೈ ಅಗಲ ಚರ್ಮ ಹೋಗಿದೆ. ಹೆಲ್ಮೆಟ್ಟಿನ ಹಿಂಭಾಗ ರಸ್ತೆಗೆ ಬಡಿದ ಸದ್ದು ಇನ್ನೂ ಕಿವಿಯಲ್ಲೇ ಇದೆ.

ಡೆಕ್ (ನಿಲ್ಲೋ ಹಲಗೆ) ಡ್ರಾಪ್-ಥ್ರೂ, ಅಂದ್ರೆ ಟ್ರಕ್ ಹಲಗೆಯ ತೂತಿನ ಮೂಲಕ ಕೂರುತ್ತೆ. ಟ್ರಕ್ (ವೀಲ್ ಹಿಡಿದು ತಿರುಗಿಸೋ ಲೋಹದ ಭಾಗ) ಎರಡೂ 180 ಮಿ.ಮೀ. ಅಗಲ, ಕೋನ 50 ಡಿಗ್ರಿ. ವೀಲ್ 70 ಮಿ.ಮೀ., ಗಡಸುತನ 80ಎ (ಅಂಕಿ ಹೆಚ್ಚಿದಷ್ಟೂ ಗಟ್ಟಿ). ಬುಶಿಂಗ್ (ಟ್ರಕ್ಕಿನೊಳಗಿನ ರಬ್ಬರಿನಂಥ ಬಿಲ್ಲೆ) ಬೋರ್ಡ್ ಜೊತೆ ಬಂದಿದ್ದೇ. ನನ್ನ ತೂಕ 74 ಕೆ.ಜಿ. ಕಿಂಗ್‌ಪಿನ್ (ಬುಶಿಂಗ್ ಹಿಡಿದಿಡೋ ಬೋಲ್ಟ್) ನಟ್ಟು ಇನ್ನು ತಿರುಗಲ್ಲ ಅನ್ನೋವರೆಗೂ ಬಿಗಿ ಮಾಡಿದೀನಿ, ಆದ್ರೂ ನಡುಗುತ್ತೆ.

ಇನ್ನೊಂದು ಮಾತು. ಉಳಿದ ಮೂವರಿಗೆ ಹೀಗಾಗ್ತಿಲ್ಲ, ಅವರು ಮುಂದೆ ಹೋಗಿಬಿಡ್ತಾರೆ. ಕೆಳಗೆ ನನಗೋಸ್ಕರ ಕಾಯ್ತಾರೆ, ಯಾರೂ ಏನೂ ಅನ್ನಲ್ಲ. ಆದ್ರೆ ಕಾಯಿಸೋದು ನನಗೇ ಸಂಕಟ ಆಗುತ್ತೆ. ಅದಕ್ಕೇ ಹೋದ ವಾರ ಅವರ ಹಿಂದೆಯೇ ಬಿಟ್ಕೊಂಡು ಹೋದೆ.

ಹಳೇ ಟ್ರಕ್:

ಮೊದಲು ಆ ನಟ್ಟು ಸಡಿಲ ಮಾಡಿ.

ಬಾಗಿಸಿದಾಗ ಒತ್ತಿಕೊಂಡು, ಬಿಟ್ಟಾಗ ಟ್ರಕ್ಕನ್ನ ನಡುವಿಗೆ ವಾಪಸ್ ತರೋದು ಬುಶಿಂಗ್ ಕೆಲಸ. ನಟ್ಟು ಹಾಗೆ ಹಿಂಡಿದ್ರೆ ಬುಶಿಂಗ್ ಪಕ್ಕಕ್ಕೆ ಉಬ್ಬಿ, ಆಗಲೇ ಅರ್ಧ ಸತ್ತಿರುತ್ತೆ. ನಿಂತಾಗ ಗಟ್ಟಿ ಅನ್ಸುತ್ತೆ, ವೇಗದಲ್ಲಿ ಮಾತ್ರ ನಡು ಎಲ್ಲಿದೆ ಅಂತ ಟ್ರಕ್ಕಿಗೇ ಗೊತ್ತಾಗಲ್ಲ. ಬುಶಿಂಗ್ ಮೇಲಿರೋ ವಾಷರ್ ಬೆರಳಲ್ಲಿ ತಿರುಗಬಾರದು, ಬುಶಿಂಗ್ ಉಬ್ಬಿರಲೂ ಬಾರದು. ಅಷ್ಟು ಬಿಗಿ ಸಾಕು. ಇನ್ನೂ ಬಿಗಿ ಬೇಕು ಅನ್ಸಿದ್ರೆ ಗಟ್ಟಿ ಬುಶಿಂಗ್ ಹಾಕ್ಬೇಕೇ ಹೊರತು ನಟ್ಟು ತಿರುಗಿಸೋದಲ್ಲ. ನಿಮ್ಮ ತೂಕಕ್ಕೆ ನಾನಾಗಿದ್ರೆ ಹಿಂದಿನ ಟ್ರಕ್ಕಿಗೆ ಬೋರ್ಡ್ ಕಡೆ 90ಎ ಬ್ಯಾರೆಲ್ (ಸಿಲಿಂಡರ್ ಆಕಾರದ ಬುಶಿಂಗ್), ರಸ್ತೆ ಕಡೆ 87ಎ ಬ್ಯಾರೆಲ್ ಹಾಕ್ತೀನಿ, ಮುಂದಿನದಕ್ಕೆ ಎರಡು ಮೂರು ಅಂಕ ಮೆತ್ತಗಿನದು. ಇದು ನನ್ನ ಪಾದಕ್ಕೆ ಹಿಡಿಸಿದ ಲೆಕ್ಕ, ನಿಮ್ಮ ಪಾದಕ್ಕೆ ಸ್ವಲ್ಪ ಆಚೀಚೆ ಆಗಬಹುದು.

ಆಮೇಲೆ ಕೋನ. ಎರಡೂ 50 ಡಿಗ್ರಿ ಅಂದ್ರೆ ಹಿಂದಿನ ಟ್ರಕ್ ಮುಂದಿನಷ್ಟೇ ತಿರುಗುತ್ತೆ. ಊರೊಳಗೆ ಓಡಾಡೋಕೆ ಅದು ಚೆನ್ನ. ಇಳಿಜಾರಿನಲ್ಲಿ ಮುಂದಿನದು ದಾರಿ ಹಿಡೀಬೇಕು, ಹಿಂದಿನದು ಹಿಂಬಾಲಿಸಬೇಕು. ರೇಸ್ ಬೋರ್ಡುಗಳಲ್ಲಿ ಹಿಂದಿನ ಕೋನ 20ರ ಆಸುಪಾಸಿಗೂ ಇಳಿಸಿರ್ತಾರೆ. ನೀವು ಅಷ್ಟು ದೂರ ಹೋಗೋದು ಬೇಡ. ಹಿಂದಿನದಕ್ಕೆ ಮಾತ್ರ 44ರ ಬೇಸ್‌ಪ್ಲೇಟ್ (ಟ್ರಕ್ಕನ್ನ ಡೆಕ್ಕಿಗೆ ಕೂರಿಸೋ ತಳ) ಹಾಕಿದ್ರೂ ವ್ಯತ್ಯಾಸ ಪಾದಕ್ಕೆ ಗೊತ್ತಾಗುತ್ತೆ. ಡ್ರಾಪ್-ಥ್ರೂ ಡೆಕ್ಕಿಗೆ ವೆಜ್ (ಕೋನ ಬದಲಿಸೋ ಓರೆ ತುಂಡು) ಹಾಕೋದು ಸುಲಭ ಅಲ್ಲ, ಬೇಸ್‌ಪ್ಲೇಟ್ ಬದಲಿಸೋದೇ ನೇರ ದಾರಿ. ಪಿವಟ್ ಕಪ್ಪನ್ನೂ (ಟ್ರಕ್ಕಿನ ಮೂತಿ ಕೂರೋ ಸಣ್ಣ ಬಟ್ಟಲು) ನೋಡಿ. ಹ್ಯಾಂಗರ್ (ವೀಲ್ ಹೊರೋ ಅಡ್ಡ ಭಾಗ) ಹಿಡಿದು ಅಲ್ಲಾಡಿಸಿದಾಗ ಟಕ ಟಕ ಅಂದ್ರೆ ಕಪ್ ಸವೆದಿದೆ ಅಂತ ಅರ್ಥ.

ಇಷ್ಟೆಲ್ಲ ಮಾಡಿದ್ರೂ ನಡುಕ ಪೂರ್ತಿ ಹೋಗಲ್ಲ, ಅರ್ಧ ನಿಮ್ಮ ಮೈಯಲ್ಲೇ ಇರುತ್ತೆ. ಭಯ ಆದಾಗ ಮೈ ತಾನಾಗೇ ಹಿಂದಕ್ಕೆ ವಾಲುತ್ತೆ, ತೂಕ ಹಿಂದಿನ ಟ್ರಕ್ ಮೇಲೆ ಬೀಳುತ್ತೆ, ಅದೇ ಬಾಲ ಆಡಿಸೋದು. ಬೋರ್ಡ್ ಎಡಕ್ಕೆ ಹೋದ ತಕ್ಷಣ ಕಣಕಾಲು ಬಲಕ್ಕೆ ತಿದ್ದುತ್ತೆ, ಆದ್ರೆ ಒಂದು ಕ್ಷಣ ತಡವಾಗಿ. ಅಷ್ಟರಲ್ಲಿ ಬೋರ್ಡ್ ತಾನೇ ಬಲಕ್ಕೆ ಬಂದಿರುತ್ತೆ. ನೀವು ತಡೆಯೋಕೆ ಹೋಗಿ ತೂಗಿಬಿಟ್ಟ ಹಾಗಾಗುತ್ತೆ. ಅದಕ್ಕೇ ಮಂಡಿ ಬಗ್ಗಿಸಿ, ಎದೆ ಮುಂದಿನ ಮಂಡಿ ಮೇಲೆ ತನ್ನಿ. ನೂರರಲ್ಲಿ ಅರವತ್ತು ಎಪ್ಪತ್ತು ಪಾಲು ತೂಕ ಮುಂದಿನ ಕಾಲ ಮೇಲಿರಲಿ. ಹಿಂದಿನ ಕಾಲು ಬೋರ್ಡ್ ಮೇಲೆ ಸುಮ್ಮನೆ ಕೂತಿರಲಿ.

ಅಂಗಾಲು:

ಒಂದೇ ಪ್ರಶ್ನೆ. ಕೊನೆಯಲ್ಲಿ ಆ ಏರು ಇಲ್ಲದಿದ್ರೆ ನೀವು ಎಲ್ಲಿ ನಿಲ್ತಿದ್ರಿ?

ಎಡಗಾಲು ಮುಂದೆ:

ಹೀಗೆ ಯೋಚನೆನೇ ಮಾಡಿರಲಿಲ್ಲ. ಫುಟ್‌ಬ್ರೇಕ್, ಅಂದ್ರೆ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸೋದು, ಬರುತ್ತೆ. 20ರ ಆಸುಪಾಸಿನಲ್ಲಿ ಆರಾಮಾಗಿ ನಿಲ್ಲಿಸ್ತೀನಿ. 30 ದಾಟಿದ ಮೇಲೆ ಹಿಂದಿನ ಕಾಲು ಎತ್ತೋಕೇ ಧೈರ್ಯ ಬರಲ್ಲ. ಸ್ಲೈಡ್, ಅಂದ್ರೆ ಬೋರ್ಡ್ ಅಡ್ಡ ತಿರುಗಿಸಿ ಜಾರಿಸಿ ನಿಲ್ಲಿಸೋದು, ಬರಲ್ಲ. ನಮ್ಮ ನಾಲ್ವರಲ್ಲಿ ಯಾರಿಗೂ ಬರಲ್ಲ.

ಅಂಗಾಲು:

ಹಾಗಾದ್ರೆ ನಿಮ್ಮ ತೊಂದರೆ ಬುಶಿಂಗಿನದಲ್ಲ. ಮೇಲಿನವರು ಹೇಳಿದ್ದೆಲ್ಲ ಸರಿ, ಅದನ್ನೂ ಮಾಡಿ. ಆದ್ರೆ ನಡುಕ ನಿಂತ್ರೆ ನೀವು 40ರ ಬದಲು 55ರಲ್ಲಿ ಹೋಗ್ತೀರಿ, ನಿಲ್ಲಿಸೋಕೆ ಮಾತ್ರ ಆಗಲೂ 20ರಷ್ಟೇ ಬರುತ್ತೆ. ನನ್ನ ಕಳಕಳಿ ಇಷ್ಟೇ.

ಒಂದು ಲೆಕ್ಕ ಹಾಕೋಣ. ಮಟ್ಟಸ ರಸ್ತೆಯಲ್ಲಿ ನಿಮ್ಮ ಫುಟ್‌ಬ್ರೇಕ್ ಪ್ರತಿ ಸೆಕೆಂಡಿಗೂ ವೇಗವನ್ನ ಗಂಟೆಗೆ 5 ಕಿ.ಮೀ.ನಷ್ಟು ಇಳಿಸುತ್ತೆ ಅಂತಿಟ್ಕೊಳ್ಳಿ. 20ರಲ್ಲಿದ್ರೆ ನಾಲ್ಕು ಸೆಕೆಂಡ್, ಸುಮಾರು 11 ಮೀಟರ್. 40ರಲ್ಲಿದ್ರೆ ಎಂಟು ಸೆಕೆಂಡ್, 44 ಮೀಟರ್. ವೇಗ ಎರಡು ಪಟ್ಟು ಆದ್ರೆ ದೂರ ನಾಲ್ಕು ಪಟ್ಟು. ಇದು ಮಟ್ಟಸ ರಸ್ತೆಯ ಮಾತು. 6% ಇಳಿಜಾರಿನಲ್ಲಿ, ಅಂದ್ರೆ 100 ಮೀಟರಿಗೆ 6 ಮೀಟರ್ ಇಳಿಯೋ ರಸ್ತೆಯಲ್ಲಿ, ಭೂಮಿ ನಿಮ್ಮ ವೇಗವನ್ನ ಪ್ರತಿ ಸೆಕೆಂಡಿಗೂ ಗಂಟೆಗೆ ಸುಮಾರು 2 ಕಿ.ಮೀ.ನಷ್ಟು ಏರಿಸ್ತಾನೇ ಇರುತ್ತೆ. ನಿಮ್ಮ 5ರಲ್ಲಿ 3 ಮಾತ್ರ ಉಳೀತು. ಅದೇ 40ರಿಂದ ನಿಲ್ಲೋಕೆ ಈಗ 75 ಮೀಟರ್ ದಾಟುತ್ತೆ. 10% ಇಳಿಜಾರಾದ್ರೆ ಸುಮಾರು 150 ಮೀಟರ್. ಅಷ್ಟು ದೂರ ಒಂಟಿ ಕಾಲ ಮೇಲೆ ನಿಂತು ಇನ್ನೊಂದು ಕಾಲು ಎಳೀತಾ ಹೋಗೋದು ಎಷ್ಟು ಕಷ್ಟ, ನೀವೇ ನೋಡಿ. ಗಾಳಿಯ ತಡೆ ಇದರಲ್ಲಿ ಸೇರಿಸಿಲ್ಲ, ಅದು ಸ್ವಲ್ಪ ಸಹಾಯ ಮಾಡುತ್ತೆ. ಆದ್ರೆ ತಿರುವಿನಾಚೆಯಿಂದ ಎದುರಿಗೆ ಗಾಡಿ ಬಂದಾಗ ಆ ಸ್ವಲ್ಪ ಸಾಲೋದಿಲ್ಲ.

ಇನ್ನೊಂದು ಅಂಕಿ ನಾನು ಯಾವಾಗಲೂ ನೆನಪಲ್ಲಿಟ್ಟಿರ್ತೀನಿ. ಯಾವ ತಡೆಯೂ ಇಲ್ಲದೆ 10 ಮೀಟರ್ ಎತ್ತರ ಇಳಿದ್ರೆ ವೇಗ 50 ಕಿ.ಮೀ. ಆಗುತ್ತೆ. ಗಾಳಿ, ವೀಲ್, ಬೇರಿಂಗ್ ಸೇರಿ ಅದರಲ್ಲಿ ಸ್ವಲ್ಪ ತಿನ್ನುತ್ತೆ, ನಿಜ. ಆದ್ರೂ 10 ಮೀಟರ್ ಅಂದ್ರೆ ಮೂರಂತಸ್ತಿನ ಮನೆ ಅಷ್ಟೇ. ಗುಡ್ಡ ನೋಡೋಕೆ ಸಣ್ಣದಿರಬಹುದು.

ಎದುರಿಗೆ ಕಾಣೋ ರಸ್ತೆಯೊಳಗೆ ಎಷ್ಟು ವೇಗ ಕೊಂದು ನಿಲ್ಲೋಕೆ ಬರುತ್ತೋ, ನಿಮ್ಮ ಮಿತಿ ಅಷ್ಟೇ. ಗುಡ್ಡದ ತುದಿಗೆ ಹೋಗಬೇಡಿ. ಕೆಳಗಿನ ಏರಿನಿಂದ ಐವತ್ತು ಹೆಜ್ಜೆ ಮೇಲಕ್ಕೆ ನಡೆದು ಅಲ್ಲಿಂದ ಇಳೀರಿ. ಏರು ಶುರುವಾಗೋ ಮುಂಚೆಯೇ ನಿಲ್ಲಿಸಿ. ಹತ್ತು ಸಲಕ್ಕೆ ಹತ್ತೂ ಸಲ ನಿಂತ ಮೇಲೆ ಇನ್ನೊಂದು ಐವತ್ತು ಹೆಜ್ಜೆ ಮೇಲಕ್ಕೆ ಹೋಗಿ.

ಮಂಡಿಚಿಪ್ಪು:

ಅಂಗಾಲು ಅವರ ಲೆಕ್ಕ ಒಪ್ತೀನಿ. ಅವರು ತೋರಿಸಿದ ದಾರಿಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಫುಟ್‌ಬ್ರೇಕನ್ನೇ ನಂಬಿಕೊಂಡು ಐವತ್ತೈವತ್ತು ಹೆಜ್ಜೆ ಮೇಲಕ್ಕೆ ಹೋಗ್ತಾ ಇದ್ರೆ ಒಂದು ದಿನ ಅದು ಕೈಕೊಡುತ್ತೆ. 35, 40 ದಾಟಿದ ಮೇಲೆ ಅದು ಭರವಸೆಯ ಬ್ರೇಕ್ ಅಲ್ಲ. ಸ್ಲೈಡ್ ಈಗಲೇ ಕಲೀರಿ.

ಕೋಲ್‌ಮನ್ ಸ್ಲೈಡಿನಿಂದ ಶುರು ಮಾಡಿ. ಅಮೆರಿಕದ ಬರ್ಕ್ಲಿ ಗುಡ್ಡಗಳಲ್ಲಿ ಕ್ಲಿಫ್ ಕೋಲ್‌ಮನ್ ರೂಢಿಸಿದ ಸ್ಲೈಡ್ ಇದು, ಅದಕ್ಕೇ ಆ ಹೆಸರು. ಕೈ ನೆಲಕ್ಕೆ ಕೊಟ್ಟು ಜಾರಿಸೋದರಿಂದ ಬಿದ್ರೂ ಎತ್ತರದಿಂದ ಬೀಳಲ್ಲ, ಆಗಲೇ ಕೂತಿರ್ತೀರಿ.

ನಿಮ್ಮ ಎಡಗಾಲು ಮುಂದೆ ಅಂತ ಹೆಸರೇ ಹೇಳ್ತಿದೆ, ಹಾಗೇ ವಿವರಿಸ್ತೀನಿ. ಮೊದಲು ಬೆರಳ ಕಡೆಗೆ, ಅಂದ್ರೆ ಬಲಕ್ಕೆ, ಸ್ವಲ್ಪ ತಿರುಗಿ. ಪೂರ್ತಿ ಕುಕ್ಕರಗಾಲಲ್ಲಿ ಇಳೀರಿ. ಬಲ ಮಂಡಿ ಒಳಕ್ಕೆ ಮಡಚಿ ಎಡಗಾಲಿನ ಕಡೆ ವಾಲಿರಲಿ. ಈಗ ಹಿಮ್ಮಡಿ ಕಡೆಗೆ ಜೋರಾಗಿ ತಿರುಗಿ, ಎಡಗೈ ಗ್ಲೌಸಿನ ಪಕ್ (ಅಂಗೈಗೆ ಕೂರಿಸಿರೋ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ) ನಿಮ್ಮ ಹಿಂದೆ ನೆಲಕ್ಕೆ ಇಡಿ, ಬಲಗೈ ಬೀಸಿ ಭುಜ ತಿರುಗಿಸಿ. ಕಣ್ಣು ಎಲ್ಲಿ ಹೋಗುತ್ತೋ ಭುಜ ಅಲ್ಲಿಗೆ ಹೋಗುತ್ತೆ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಬೋರ್ಡ್. ಬೋರ್ಡ್ ನೋಡ್ತಾ ಕೂತ್ರೆ ಅದು ಅರ್ಧಕ್ಕೇ ನಿಂತು ಕಚ್ಕೊಳ್ಳುತ್ತೆ.

ಹೊಸಬರು ಎರಡು ತಪ್ಪು ಮಾಡ್ತಾರೆ. ಒಂದು, ಕೈ ಮೇಲೆ ತೂಕ ಪೂರ್ತಿ ಹಾಕೋದು. ಕೈ ಆಸರೆ ಅಷ್ಟೇ, ತೂಕ ಬೋರ್ಡ್ ಮೇಲೇ ಇರಬೇಕು. ಇಲ್ಲದಿದ್ರೆ ಬೋರ್ಡ್ ಕಾಲಡಿಯಿಂದ ತಪ್ಪಿಸ್ಕೊಂಡು ಹೋಗುತ್ತೆ. ಇನ್ನೊಂದು, ಭಯಕ್ಕೆ ತೀರಾ ನಿಧಾನದಲ್ಲಿ ಪ್ರಯತ್ನ ಮಾಡೋದು. 12, 15ರಲ್ಲಿ ವೀಲ್ ಜಾರಲ್ಲ, ರಸ್ತೆ ಹಿಡ್ಕೊಂಡು ನಿಮ್ಮನ್ನ ಮುಂದಕ್ಕೆ ಚೆಲ್ಲುತ್ತೆ. 20, 25 ಇದ್ರೆ ಸುಲಭ.

ವೀಲ್ ಬಗ್ಗೆಯೂ ಒಂದು ಮಾತು. ಕಲಿಯೋಕೆ ಅಂಚು ದುಂಡಗಿರೋ, ಮೇಲ್ಮೈ ಮೊದಲೇ ಉಜ್ಜಿರೋ ಫ್ರೀರೈಡ್ (ಜಾರಿಸೋಕೆ ಮಾಡಿದ) ವೀಲ್ ಇರಲಿ. ಅಂಚು ಚೂಪಾಗಿರೋ ರೇಸ್ ವೀಲ್ ಹಿಡಿತಕ್ಕೆ ಮಾಡಿದ್ದು, ಅದು ಜಾರೋಕೆ ಒಪ್ಪೋದು ತಡವಾಗಿ, ಬಿಟ್ಟಾಗ ಒಮ್ಮೆಲೇ. ಬೋರ್ಡನ್ನ ಸರಿಯಾಗಿ ಅಡ್ಡಕ್ಕೇ ಹಿಡಿದು ಉದ್ದಕ್ಕೂ ಜಾರಿಸಿದ್ರೆ ವೀಲ್ ಒಂದೇ ಕಡೆ ಸವೆದು ಚಪ್ಪಟೆ ಆಗುತ್ತೆ, ಆಮೇಲೆ ಓಡುವಾಗ ಕಟಕಟ ಅನ್ನುತ್ತೆ. ವೀಲ್‌ಗಳನ್ನ ಆಗಾಗ ಜಾಗ ಬದಲಿಸಿ ಹಾಕಿ.

ಅಂಗಾಲು:

ಒಪ್ಪಿದೆ, ಸ್ಲೈಡ್ ಬೇಕೇ ಬೇಕು. ಆದ್ರೆ ಫುಟ್‌ಬ್ರೇಕ್ ಬಿಡಬೇಡಿ. ಗುಂಪಿನಲ್ಲಿ ಪಕ್ಕದವರಿಗೆ ತಗಲದೆ ನೇರ ಸಾಲಲ್ಲೇ ನಿಧಾನ ಮಾಡೋಕೆ ಅದೊಂದೇ ದಾರಿ. ಸ್ಲೈಡಿಗೆ ಅಗಲ ಬೇಕು. ಪಾದ ಚಪ್ಪಟೆಯಾಗಿ ಇಡಿ, ಮೊದಲು ನೆಲ ಸವರಿದ ಹಾಗೆ, ಆಮೇಲೆ ತೂಕ. ಬೆರಳ ತುದಿ ಮೊದಲು ಊರಿದ್ರೆ ಕಾಲು ಹಿಂದಕ್ಕೆ ಕಿತ್ತುಕೊಂಡು ಹೋಗುತ್ತೆ.

ಗಾಳಿಗೆ ಬೆನ್ನು:

ಎಲ್ಲಾರೂ ಬೋರ್ಡಿನ ಬಗ್ಗೆನ ಬರದೀರಿ, ಹೆಲ್ಮೆಟ್ ಬಗ್ಗೆ ಯಾರೂ ಹೇಳಿಲ್ರಿ. ತಲಿ ರಸ್ತೆಕ್ಕ ಬಡದೈತಿ ಅಂತ ಅವರ ಬರದಾರ. ಒಳಗಿನ ಬಿಗಿ ಫೋಮ್ ಒಂದ ಸಲ ಪೆಟ್ಟು ತಿಂದ್ರ ಒತ್ತಿ ಹೋಗತೈತಿ, ಮತ್ತ ಮೊದಲಿನಂಗ ಆಗಂಗಿಲ್ಲ. ಮ್ಯಾಲಿಂದ ನೋಡಿದ್ರ ಗೀರು ಅಷ್ಟ ಕಾಣತೈತಿ. ಆ ಹೆಲ್ಮೆಟ್ ತಗದಿಡ್ರಿ, ಹೊಸಾದು ತಗೋರಿ, ಇಳಿಜಾರಿಗೆ ಮುಖಾನೂ ಮುಚ್ಚುವಂಥಾದು ತಗೋರಿ. ಗದ್ದ ಉಳೀಬೇಕಲ್ರಿ. ತಲಿ ನೋವು, ವಾಕರಿಕಿ, ಮಂಪರು ಏನರ ಇದ್ರ ಬೋರ್ಡ್ ಮುಟ್ಟಬ್ಯಾಡ್ರಿ, ಮೊದಲ ಡಾಕ್ಟರ್ ಕಡೆ ಹೋಗ್ರಿ. ಗಾಯಾ ಚಂದಂಗ ನೀರಾಗ ತೊಳದು ಮಣ್ಣು ಹಳ್ಳು ಎಲ್ಲಾ ತಗೀರಿ, ಟೆಟನಸ್ ಚುಚ್ಚುಮದ್ದು ಯಾವಾಗ ಆಗೈತಿ ನೋಡ್ಕೋರಿ.

ಕೊನೆಯ ಸವಾರ:

ನಾನು ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. "ಕಾಯಿಸೋದು ನನಗೇ ಸಂಕಟ" ಅಂತ ನೀವು ಬರೆದ ಸಾಲು ಬಿಡಲಿಲ್ಲ.

ನಮ್ಮದೂ ಐದು ಜನರ ಗುಂಪು. ಆಗ ನಮಗೆ ಒಂದೇ ಕ್ರಮ ಗೊತ್ತಿತ್ತು: ವೇಗದವನು ಮುಂದೆ, ಉಳಿದವರು ಹಿಂದೆ. ಒಂದು ಬೆಳಿಗ್ಗೆ ಎರಡನೇ ತಿರುವಿನ ಹೊರ ಅಂಚಿನಲ್ಲಿ ಮಳೆಗೆ ಹರಿದು ಬಂದ ಮರಳು ಬಿದ್ದಿತ್ತು. ಸಣ್ಣದು, ಒಂದು ಟವೆಲ್ ಹಾಸಿದಷ್ಟು. ಮುಂದಿದ್ದವನು ನೋಡಿ ಸ್ಲೈಡ್ ಹೊಡೆದು ನಿಂತ. ಅವನು ನಿಂತದ್ದು ಸರಿಯೇ. ಅವನ ಹಿಂದೆ ನಾಲ್ಕೈದು ಮೀಟರಿನಲ್ಲಿ ನಾನಿದ್ದೆ. ನಂಗೆ ಸ್ಲೈಡ್ ಅಷ್ಟು ಚೆನ್ನಾಗಿ ಬರ್ತಿರಲಿಲ್ಲ. ಅವನಿಗೆ ಗುದ್ದಬಾರದು ಅಂತ ಹೊರಕ್ಕೆ ತಿರುಗಿಸಿದೆ, ಮರಳ ಮೇಲೆ ವೀಲ್ ಹೋಯ್ತು. ಬೀಳ್ತಾ ಕೈ ಚಾಚಿದೆ. ಮಣಿಕಟ್ಟು ಮುರೀತು. ಪ್ಲಾಸ್ಟರ್ ಬಿಚ್ಚಿದ ಮೇಲೂ ತಿಂಗಳುಗಟ್ಟಲೆ ಆ ಕೈಯಲ್ಲಿ ಡಬ್ಬಿ ಮುಚ್ಚಳ ತೆಗೆಯೋಕೆ ಆಗ್ತಿರಲಿಲ್ಲ. ನನ್ನ ಹಿಂದಿದ್ದವಳು ಹುಲ್ಲಿಗೆ ಹಾರಿ ಹೇಗೋ ಉಳಿದಳು.

ಆ ದಿನ ಯಾರ ಬೋರ್ಡಿನಲ್ಲೂ ದೋಷ ಇರಲಿಲ್ಲ. ನಾನು ಅವನಷ್ಟು ಬೇಗ ನಿಲ್ಲೋಕೆ ಬರದೆ ಅವನಷ್ಟೇ ವೇಗದಲ್ಲಿ, ಅವನ ಬೆನ್ನಿಗೇ ಇದ್ದೆ. ಯಾಕೆ ಇದ್ದೆ ಅಂದ್ರೆ ನೀವು ಬರೆದ ಅದೇ ಕಾರಣಕ್ಕೆ.

ಆಮೇಲೆ ನಾವು ಕ್ರಮ ಬದಲಿಸಿದ್ವಿ. ಇಳಿಯೋ ಮೊದಲು ಇಡೀ ರಸ್ತೆ ನಡೆದುಕೊಂಡೇ ಮೇಲಕ್ಕೆ ಹೋಗ್ತೀವಿ. ಮರಳು, ಜಲ್ಲಿ, ಒದ್ದೆ ಎಲೆ, ಎಣ್ಣೆ ಚೆಲ್ಲಿದ ಜಾಗ, ಹೊಸದಾಗಿ ಬಳಿದ ಬಿಳಿ ಗೆರೆ ಎಲ್ಲ ಆಗ ಕಣ್ಣಿಗೆ ಬೀಳುತ್ತೆ. ಒಂದು ಪೊರಕೆ ಜೊತೆಗಿರುತ್ತೆ. ಕಾಣದ ತಿರುವು ಇದ್ರೆ ಅಲ್ಲಿ ಒಬ್ಬರು ನಿಲ್ತಾರೆ, ಸರದಿಯಂತೆ. ಎರಡೂ ಕೈ ಮೇಲೆ ಅಡ್ಡ ಹಿಡಿದ್ರೆ ಗಾಡಿ ಬರ್ತಿದೆ, ಇಳೀಬೇಡಿ ಅಂತ. ಒಂದು ಕೈ ನೇರ ಎತ್ತಿದ್ರೆ ದಾರಿ ಖಾಲಿ. ನಿಂತವರು ಕಾಣಿಸದೇ ಇದ್ರೆ ಖಾಲಿ ಅಂತ ಅಂದ್ಕೊಳ್ಳೋ ಹಾಗಿಲ್ಲ. ಖಾಲಿ ಅಂತ ತೋರಿಸಿದ್ರೂ ನಮ್ಮ ಪಾಲಿನ ಅರ್ಧ ರಸ್ತೆ ದಾಟಲ್ಲ.

ಒಬ್ಬರು ಹೊರಟು, ಹತ್ತು ಎಣಿಸಿದ ಮೇಲೆ ಮತ್ತೊಬ್ಬರು. ನಿಂತವರು ತಕ್ಷಣ ಬೋರ್ಡ್ ಎತ್ತಿಕೊಂಡು ರಸ್ತೆ ಬಿಟ್ಟು ಪಕ್ಕಕ್ಕೆ. ಐವರಲ್ಲಿ ಯಾರೇ "ಇವತ್ತು ಬೇಡ" ಅಂದ್ರೂ ಅವತ್ತು ಇಳಿಯಲ್ಲ, ಯಾಕೆ ಅಂತ ಕೇಳೋದೂ ಇಲ್ಲ. ಈ ಕೊನೆಯದು ರೂಢಿಗೆ ಬರೋಕೆ ಬಹಳ ಕಾಲ ಬೇಕಾಯ್ತು. ಮೊದಲ ಸಲ ಹಾಗೆ ಹೇಳಿದ್ದು ನಮ್ಮಲ್ಲಿ ಎಲ್ಲರಿಗಿಂತ ವೇಗದವನು. ಅವನು ಹೇಳಿದ್ದಕ್ಕೇ ಉಳಿದವರಿಗೆ ಹೇಳೋಕೆ ಬಾಯಿ ಬಂತು.

ಎಡಗಾಲು ಮುಂದೆ:

ನಿಮ್ಮ ಬರಹ ಮೂವರಿಗೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹೇಳಿದ, "ನಂಗೂ 45ರಲ್ಲಿ ನಡುಗುತ್ತೆ, ಹೇಳಿರಲಿಲ್ಲ ಅಷ್ಟೇ" ಅಂತ.

ಒಂದು ಸಣ್ಣ ಅನುಮಾನ. ನಾವು ನೋಡೋ ವಿಡಿಯೊಗಳಲ್ಲಿ ನೂರರ ಮೇಲೆ ಹೋಗ್ತಾರಲ್ಲ, ಅವರಿಗೆ ನಡುಗಲ್ವಾ?

ಹಳೇ ಟ್ರಕ್:

ಅವರದ್ದು ಬೇರೆಯೇ ಲೋಕ. ಪೀಟ್ ಕಾನಲಿ 2017ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಗಂಟೆಗೆ 146.73 ಕಿ.ಮೀ. ಹೋಗಿ ದಾಖಲೆ ಮಾಡಿದರು. ಅದು ಸ್ಪರ್ಧೆಗೆ ಅಂತ ಮುಚ್ಚಿದ ರಸ್ತೆ. ಮೈಗೆ ಅಂಟಿದ ಸೂಟು, ಗಾಳಿ ಸೀಳೋ ಹೆಲ್ಮೆಟ್ಟು. ಟಕ್‌ನಲ್ಲಿ (ಗಾಳಿ ತಪ್ಪಿಸೋ ಬಗ್ಗಿದ ಭಂಗಿ) ಎದೆ ತೊಡೆಗೆ ಹತ್ತಿ, ಕೈ ಬೆನ್ನಿನ ಮೇಲೆ. ಕಿರಿದಾದ ಹಿಂದಿನ ಕೋನ, ಯಂತ್ರದಲ್ಲಿ ಕೊರೆದ ಟ್ರಕ್. ಅದರ ಹಿಂದೆ ವರ್ಷಗಳ ಅಭ್ಯಾಸ ಇರುತ್ತೆ, ಅದನ್ನ ವಿಡಿಯೊ ತೋರಿಸಲ್ಲ.

ಈ ವಿಷಯ ಬಂದಾಗಲೆಲ್ಲ ನನಗೆ ಯುರೆಥೇನ್ (ಈಗಿನ ವೀಲ್‌ಗಳ ರಬ್ಬರಿನಂಥ ಪ್ಲಾಸ್ಟಿಕ್) ನೆನಪಾಗುತ್ತೆ. ಅದಕ್ಕೂ ಮುಂಚೆ ವೀಲ್ ಅಂದ್ರೆ ಲೋಹ, ಇಲ್ಲವೇ ಗಟ್ಟಿ ಮಣ್ಣಿನ ಮಿಶ್ರಣ. ಸಣ್ಣ ಕಲ್ಲು ಸಿಕ್ಕಿದ್ರೂ ನಿಂತುಬಿಡ್ತಿತ್ತು. 1970ರ ದಶಕದ ಶುರುವಿನಲ್ಲಿ ಫ್ರ್ಯಾಂಕ್ ನಾಸ್ವರ್ದಿ ಯುರೆಥೇನ್ ವೀಲ್ ಮಾರೋಕೆ ಶುರು ಮಾಡಿದ ಮೇಲೆ ರಸ್ತೆ ಹಿಡಿಯೋದೂ, ಬೇಕಾದಾಗ ಹದವಾಗಿ ಜಾರೋದೂ ಎರಡೂ ಸಾಧ್ಯ ಆಯ್ತು. 1975ರಲ್ಲಿ ಕ್ಯಾಲಿಫೋರ್ನಿಯಾದ ಸಿಗ್ನಲ್ ಹಿಲ್‌ನಲ್ಲಿ ಇಳಿಜಾರಿನ ರೇಸ್ ನಡೆಯಿತು. ನಿಮ್ಮ ಕಾಲಡಿ ಇರೋದು ಅದೇ ವಸ್ತು. ಅದರ ಹಿಡಿತದ ಅರ್ಧವನ್ನ ಮಾತ್ರ ನೀವು ಈವರೆಗೆ ಬಳಸಿದೀರಿ, ಜಾರೋ ಅರ್ಧ ಇನ್ನೂ ಬಾಕಿ ಇದೆ.

ಎಡಗಾಲು ಮುಂದೆ:

ಆರು ವಾರ ಆಯ್ತು. ಏನಾಯ್ತು ಅಂತ ವರದಿ ಕೊಡ್ತಿದೀನಿ.

ನಟ್ಟು ಸಡಿಲ ಮಾಡಿದೆ. ಹಿಂದಿನ ಬುಶಿಂಗ್ ತೆಗೆದು ನೋಡಿದ್ರೆ ನಡುವೆ ಕೂದಲೆಳೆ ಅಷ್ಟು ಬಿರುಕು, ವಾಷರ್ ಕಚ್ಚಿದ ಗುರುತು ಸುತ್ತಲೂ. ಹೊಸದು ಹಾಕಿದೆ, ಹಿಂದಿನ ಬೇಸ್‌ಪ್ಲೇಟ್ 44. ಹೆಲ್ಮೆಟ್ ಬದಲಿಸಿದೆ. ಹಳೆಯದರ ಒಳಪದರ ಎತ್ತಿದಾಗ ಫೋಮ್ ಒಂದು ಕಡೆ ಸೀಳಿತ್ತು, ಹೊರಗೆ ನಿಜಕ್ಕೂ ಗೀರು ಬಿಟ್ರೆ ಏನೂ ಕಾಣ್ತಿರಲಿಲ್ಲ.

ನಾಲ್ಕೂ ಜನ ತುದಿಗೆ ಹೋಗೋದು ಬಿಟ್ವಿ. ಸೀಮೆಸುಣ್ಣದಲ್ಲಿ ರಸ್ತೆಗೆ ಅಡ್ಡ ಗೆರೆ ಎಳೆದು, ಅದರ ಮೇಲೆ ಐವತ್ತು ಹೆಜ್ಜೆಯಿಂದ ಶುರು. ಮೊದಲ ದಿನ ಗೆರೆಯೊಳಗೆ ನಿಂತವರು ಒಬ್ಬರೂ ಇಲ್ಲ. ನಮ್ಮಲ್ಲಿ ಎಲ್ಲರಿಗಿಂತ ಮುಂದೆ ಹೋಗ್ತಿದ್ದವನು ಹದಿನೈದು ಹೆಜ್ಜೆ ದಾಟಿಹೋದ. ಎರಡು ತಿಂಗಳು ಆ ಕೊನೆಯ ಏರೇ ನಮ್ಮನ್ನ ನಿಲ್ಲಿಸಿದ್ದು ಅಂತ ಅವತ್ತು ನಾಲ್ವರಿಗೂ ಒಟ್ಟಿಗೇ ಅರ್ಥ ಆಯ್ತು.

ಮೂರನೇ ವಾರದಿಂದ ಕೋಲ್‌ಮನ್. ಬಿದ್ದದ್ದು ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಬೋರ್ಡ್ ಅಡ್ಡ ಬಂದ ಮೇಲೆ ಕಚ್ಕೊಳ್ಳೋದು. ಮಂಡಿಚಿಪ್ಪು ಅವರು ಬರೆದದ್ದು ನೆನಪಾಗಿ, ಬೋರ್ಡ್ ಬಿಟ್ಟು ಬಂದ ದಾರಿಯ ಕಡೆಗೇ ಕತ್ತು ತಿರುಗಿಸಿದೆ. ಕರ್‌ ಅಂತ ಒಂದು ಸದ್ದು. ಕಾಲ ಕೆಳಗೆ ಹಿಟ್ಟಿನ ಮೇಲೆ ಜಾರಿದ ಹಾಗೆ. ನಿಂತಾಗ ಮುಖ ಗುಡ್ಡದ ತುದಿಯ ಕಡೆಗಿತ್ತು, ಟಾರಿನ ಮೇಲೆ ನಾಲ್ಕು ಬಿಳೀ ಗೆರೆ ಕಮಾನಾಗಿ ಬಾಗಿದ್ವು. ಆ ಗೆರೆಗಳ ಪಕ್ಕ ಕೂತು ಸ್ವಲ್ಪ ಹೊತ್ತು ನೋಡ್ತಾ ಇದ್ದೆ. ಗೆಳೆಯರೂ ಬಂದು ನೋಡಿದ್ರು.

ನಿನ್ನೆ ಮೊದಲ ತಿರುವಿನ ಕೆಳಗಿಂದ ಇಳಿದೆ, 38 ತೋರಿಸ್ತು. ನಡುಕ ಶುರು ಆಗೋ ಹಾಗೆ ಅನ್ಸಿದಾಗ ಕಾಲು ಬಿಗಿ ಮಾಡಲಿಲ್ಲ. ಎದೆ ಮುಂದಕ್ಕೆ ತಂದೆ, ಕೈ ಇಟ್ಟೆ, ಜಾರಿಸಿ ನಿಂತೆ. ಗೆರೆಗೆ ಇನ್ನೂ ಆರು ಹೆಜ್ಜೆ ಬಾಕಿ ಇತ್ತು.

ಮಂಡಿಚಿಪ್ಪು:

ಓದಿ ತುಂಬಾ ಖುಷಿ ಆಯ್ತು! ಗ್ಲೌಸಿನ ಪಕ್ ಎಷ್ಟು ಸವೆದಿದೆ ನೋಡಿ. ಸ್ಕ್ರೂ ತಲೆ ಕಾಣೋವರೆಗೂ ಬಿಡಬೇಡಿ, ಆಮೇಲೆ ನೆಲಕ್ಕೆ ಲೋಹ ತಗುಲುತ್ತೆ. ಇನ್ನು ಬೆರಳ ಕಡೆಯ ಸ್ಲೈಡ್ ಶುರು ಮಾಡಿ, ಬಲಕ್ಕೆ ತಿರುಗೋ ರಸ್ತೆಗೆ ಅದು ಬೇಕಾಗುತ್ತೆ.

ಎಡಗಾಲು ಮುಂದೆ:

ನೋಡಿದೆ. ಎಡಗೈದು ಅರ್ಧಕ್ಕಿಂತ ಕಡಿಮೆ ಇದೆ, ಬಲಗೈದು ಇನ್ನೂ ಹೊಸದರ ಹಾಗಿದೆ. ಎರಡನ್ನೂ ಅದಲು ಬದಲು ಮಾಡಿ ಹಾಕಿದೀನಿ. ಭಾನುವಾರ ಮತ್ತೆ ಐವತ್ತು ಹೆಜ್ಜೆಯಿಂದ, ಈ ಸಲ ಬೆರಳ ಕಡೆಗೆ.